ಅಜ್ಜನ ಮುಖದ ಮಿಣುಕು

ಗೊಂಬೆಗಳನ್ನು ನಡೆಸುವುದು ಅವಳ ಕಸುಬು. ಒಂದಿಷ್ಟು ಕದಲಿಸಿ ಒಂದು ಫೋಟೊ, ಇನ್ನೊಂದಿಷ್ಟು ಕದಲಿಸಿ ಮತ್ತೊಂದು. ತೆಗೆದವನ್ನೆಲ್ಲ ಸಾಲಾಗಿ ಓಡಿಸಿದರೆ ಗೊಂಬೆಗೆ ಜೀವ ಬರುತ್ತಿತ್ತು. ಬಸುರಿಯಾದ ಮೇಲೆ ಅವಳು ಕೈಗೆತ್ತಿಕೊಂಡಿದ್ದು ನಿದ್ದೆಯಲ್ಲಿ ನಡೆಯುವ ಒಬ್ಬ ಉಣ್ಣೆಯ ಅಜ್ಜನ ಕಥೆ. ಅಜ್ಜ ಹಾಸಿಗೆಯಿಂದೆದ್ದು, ಕಣ್ಣು ಮುಚ್ಚಿಕೊಂಡೇ ಕೋಣೆ ದಾಟಿ ಕಿಟಕಿ ಮುಟ್ಟಬೇಕು. ಹೆರಿಗೆಗೆ ಮುಂಚೆ ಮುಗಿಸಿಯೇ ತೀರುತ್ತೇನೆ ಎಂಬ ಹಟ ಅವಳದು.

ಆದರೆ ಓಡಿಸಿ ನೋಡಿದಾಗೆಲ್ಲ ಅಜ್ಜನ ಮುಖ ಗಾಳಿಗೆ ಸಿಕ್ಕ ದೀಪದ ಹಾಗೆ ಮಿಣುಕುತ್ತಿತ್ತು. ತಾನು ಕೆಲಸ ಮಾಡುವ ಕೋಣೆಯ ಕಿಟಕಿಗೆ ದಪ್ಪನೆಯ ಕರಿ ಪರದೆ ಬಿಗಿದಳು. ಬೆಳಕು, ಬಣ್ಣ ಯಾವುದನ್ನೂ ಕ್ಯಾಮೆರಾ ತನ್ನಿಷ್ಟದಂತೆ ಬದಲಿಸದಿರಲೆಂದು ಎಲ್ಲವನ್ನೂ ತಾನೇ ಹೊಂದಿಸಿಟ್ಟಳು. ಮಿಣುಕು ಜಪ್ಪಯ್ಯ ಅನ್ನಲಿಲ್ಲ. ಕೊನೆಗೊಂದು ದಿನ ಗುಟ್ಟು ತಿಳಿಯಿತು: ಪ್ರತಿ ಫೋಟೊ ತೆಗೆಯುವಾಗಲೂ ಬೆಳಕನ್ನು ಒಳಬಿಡುವ ಲೆನ್ಸಿನೊಳಗಿನ ಪುಟ್ಟ ಕಿಂಡಿ ಕಿರಿದಾಗುತ್ತದೆ, ಆದರೆ ಪ್ರತಿ ಸಲವೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ. ಅವಳು ಕಿಂಡಿಯನ್ನು ಬೇಕಾದಷ್ಟು ಕಿರಿದು ಮಾಡಿ, ಹಾಗಿರುವಾಗಲೇ ಲೆನ್ಸನ್ನು ಒಂದು ಚೂರು ತಿರುಗಿಸಿ ಸಡಿಲಿಸಿದಳು. ಕ್ಯಾಮೆರಾದ ಅಪ್ಪಣೆ ತಲುಪದೆ ಕಿಂಡಿ ಇದ್ದಂತೆಯೇ ನಿಂತಿತು.

ಮಿಣುಕೂ ನಿಂತಿತು. ಆದರೆ ವಾರಗಳು ಕಳೆದ ಹಾಗೆ ಅಜ್ಜನ ಕೆನ್ನೆ, ಒಳ್ಳೆಯ ಕನಸು ಬೀಳುತ್ತಿರುವವನ ಕೆನ್ನೆಯಂತೆ, ಮೆಲ್ಲಮೆಲ್ಲನೆ ಬೆಳಗತೊಡಗಿತು. ದೀಪ ಬದಲಿಸಿದಳು, ತಲೆ ಕೆಡಿಸಿಕೊಂಡಳು. ಒಂದು ಮಧ್ಯಾಹ್ನ ಹಾಲು ತಂದ ಅತ್ತೆ ಬಾಗಿಲಲ್ಲೇ ನಿಂತು ನೋಡಿ, ನಕ್ಕುಬಿಟ್ಟರು.

"ನಿನ್ನ ಹೊಟ್ಟೆ ನೋಡ್ಕೊಳ್ಳೇ ತಾಯಿ. ಬಿಳಿ ಬಟ್ಟೆ ಹೊದ್ಕೊಂಡು ದಿನಾ ಒಂದೊಂದು ಚೂರು ಮೇಜಿನ ಹತ್ರ ಬರ್ತಿದೆ. ಅದರ ಬೆಳಕೇ ಅವನ ಮುಖದ ಮೇಲೆ ಬೀಳ್ತಿರೋದು."

ಅವಳು ಹಿಂದೆ ಸರಿದಳು, ಕೆನ್ನೆ ಮಂಕಾಯಿತು. ಮುಂದೆ ಬಂದಳು, ಬೆಳಗಿತು. ಹುಟ್ಟುವ ಮೊದಲೇ ಈ ಕೂಸು ಅಜ್ಜನ ಸ್ನೇಹ ಮಾಡಿಕೊಂಡಿದೆಯಲ್ಲ ಎನಿಸಿತು. ತೆಗೆದದ್ದನ್ನು ಅಳಿಸಲು ಮನಸ್ಸು ಬರಲಿಲ್ಲ. ಅತ್ತೆ ಹೊಲಿದುಕೊಟ್ಟ ಕರಿ ಅಂಗಿ ತೊಟ್ಟಳು. ಆದ ಹೊಳಪು ಹಾಗೇ ಉಳಿಯಲೆಂದು, ಹೊಟ್ಟೆ ಇದ್ದ ಜಾಗದಲ್ಲಿ ಒಂದು ಬಿಳಿ ರಟ್ಟು ನಿಲ್ಲಿಸಿದಳು.

ಅಜ್ಜ ಕಿಟಕಿಯ ಹತ್ತಿರ ಬಂದು ಒಂದು ಕಾಲು ಎತ್ತಿದ್ದಾಗ ಅವಳಿಗೆ ನೋವು ಶುರುವಾಯಿತು. ತೋಳು ಹಿಡಿದು ಕರೆದೊಯ್ಯುತ್ತಿದ್ದ ಗಂಡನಿಗೆ ಅವಳು, ಮೇಜಿನ ಹತ್ತಿರ ಯಾರೂ ಸುಳಿಯಕೂಡದು ಎಂದು ಮತ್ತೆ ಮತ್ತೆ ಹೇಳಿದಳು.

"ನೀನು ಮೊದಲು ನಡಿ," ಅಂದ ಅವನು. "ಅಜ್ಜ ಎಲ್ಲೂ ಓಡಿಹೋಗಲ್ಲ."

ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ಅವಳು ಮತ್ತೆ ಆ ಕೋಣೆಯ ಬಾಗಿಲು ತೆರೆದಾಗ ಉಣ್ಣೆಯ ವಾಸನೆ ಮೆಲ್ಲಗೆ ಮುಖಕ್ಕೆ ಬಂತು. ಹೆಗಲ ಮೇಲೆ ಧೂಳು ಹೊತ್ತು, ಅಜ್ಜ ಒಂಟಿಕಾಲಲ್ಲಿ ನಿದ್ದೆ ಮಾಡುತ್ತಿದ್ದ. ಮೆತ್ತನೆಯ ಕುಂಚದಿಂದ ಧೂಳು ಸವರಿ, ದೀಪ ಹಾಕಿ, ಒಂದು ಫೋಟೊ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿದಳು. ಎಳ್ಳಷ್ಟೂ ಭೇದವಿರಲಿಲ್ಲ. ಮೈಯೆಲ್ಲ ಹಗುರಾಯಿತು. ಕಾಲನ್ನು ತುಸುವೇ ಕೆಳಗಿಳಿಸಿ ಇನ್ನೊಂದು ತೆಗೆದಳು.

ಆಚೆ ಕೋಣೆಯಲ್ಲಿ ಮಗು ಅತ್ತಿತು. ಅಜ್ಜನನ್ನು ಅಲ್ಲೇ ಬಿಟ್ಟು ಎದ್ದುಹೋದಳು.