ಕುರಿಗವಿಯ ಕೂಸು

ಕೂಸಿನ ತಲೆಬುರುಡೆ ಮೊದಲು ಕಂಡದ್ದು ಬಾಳೇಶನಿಗೆ. ಗವಿಯ ನೆಲದಿಂದ ಎರಡಡಿ ಕೆಳಗೆ, ಕುಂಚದಿಂದ ಮಣ್ಣು ಸರಿಸುತ್ತಿದ್ದಾಗ.

ಗೋಕಾಕದ ಗುಡ್ಡದಲ್ಲಿ ಬಂಡೆಯೊಂದು ಚಾಚಿ ಚಪ್ಪರದಂತಾದ ಜಾಗ ಅದು. ಸುತ್ತಲಿನವರು ಕುರಿಗವಿ ಎನ್ನುತ್ತಿದ್ದರು. ಪ್ರೊಫೆಸರ್ ಕೇದಾರಿ ಮೂರು ವರ್ಷದಿಂದ ಅಲ್ಲಿ ಅಗೆಸುತ್ತಿದ್ದರು; ಬಾಳೇಶ ಅವರ ಹಂಗಾಮಿ ಸಹಾಯಕ. ಉಗುರಿನಷ್ಟು ಕಲ್ಲಿನ ಆಯುಧಗಳು ಚೀಲಗಟ್ಟಲೆ ಸಿಕ್ಕಿದ್ದವು. ಆದರೆ ಪೇಪರಿನವರು ಬಂದು ಫೋಟೋ ತೆಗೆಯುವಂಥದ್ದೇನೂ ಸಿಕ್ಕಿರಲಿಲ್ಲ. ಹಾಗಾಗಿ ಮೊಣಕಾಲು ಮಡಚಿ ಮಲಗಿದ್ದ ಆ ಪುಟ್ಟ ಅಸ್ಥಿಪಂಜರ ಪೂರ್ತಿ ತೆರೆದುಕೊಂಡಾಗ ಕೇದಾರಿಯವರು ತಾವೇ ಗುಂಡಿಗೆ ಇಳಿದರು. ನಾಲ್ಕು ಸಾವಿರ ವರ್ಷ, ಕಡಿಮೆಯೆಂದರೂ ನಾಲ್ಕು ಸಾವಿರ, ಎಂದು ಎರಡು ಸಲ ಹೇಳಿದರು.

ಸೊಂಟದ ಎಲುಬಿನ ಹತ್ತಿರ ಬಾಳೇಶನಿಗೆ ಒಂದು ಹಿತ್ತಾಳೆ ಗೆಜ್ಜೆ ಸಿಕ್ಕಿತು. ಉಡದಾರಕ್ಕೆ ಕಟ್ಟುವಂಥದ್ದು. ಒರೆಸಿ ಅಂಗೈಯಲ್ಲಿಟ್ಟು ತೋರಿಸಿದ. ಕೇದಾರಿಯವರು ಅದನ್ನು ತಿರುಗಿಸಿ ನೋಡಿದರು. ಇಲಿಯ ಬಿಲದೊಳಗಿಂದ ಜಾರಿ ಬಂದದ್ದಿರಬೇಕು, ಬರೆದುಕೊಳ್ಳಬೇಡ ಎಂದು ಹೇಳಿ ಇಳಿಜಾರಿನ ಪೊದೆಗಳತ್ತ ಎಸೆದುಬಿಟ್ಟರು. ಬಾಳೇಶನ ನೌಕರಿಯ ಕಾಗದಕ್ಕೆ ಸಹಿ ಹಾಕಬೇಕಾದವರು ಅವರೇ. ಅವನು ಬರೆದುಕೊಳ್ಳಲಿಲ್ಲ.

ಜರಡಿ ಹಿಡಿಯುವ ಹೆಂಗಸರಲ್ಲಿ ಮಸಗುಪ್ಪಿಯ ಕಾಶೆವ್ವ ಒಬ್ಬಳು. ಕುರಿ ಕಾಯ್ದೇ ಮುದುಕಿಯಾದವಳು. ಆಕೆ ಜರಡಿ ಕೆಳಗಿಟ್ಟು ಬಂದು ಗುಂಡಿಯ ಅಂಚಿನಲ್ಲಿ ಕುಳಿತಳು. ಬಹಳ ಹೊತ್ತು ನೋಡಿದಳು.

"ಸಾಹೇಬ್ರ, ಇದು ನಮ್ಮ ಮಾಳವ್ವರಿ," ಅಂದಳು. "ನನ್ನ ಮಗಳು."

ಮೂವತ್ತು ವರ್ಷದ ಹಿಂದೆ ಮಳೆಗಾಲದಲ್ಲಿ ಕುರಿಗಳೊಂದಿಗೆ ಗವಿಯಲ್ಲಿ ಇಳಿದುಕೊಂಡಿದ್ದಾಗ ಎರಡು ವರ್ಷದ ಮಗಳು ಜ್ವರ ಬಂದು ತೀರಿಕೊಂಡಿದ್ದಳಂತೆ. ಹಳ್ಳ ತುಂಬಿ ಊರಿಗೆ ಒಯ್ಯಲಾಗದೆ, ಗಂಡ ಸಿದ್ರಾಯ ಅಲ್ಲಿಯೇ ಮಣ್ಣು ಮಾಡಿದನಂತೆ. ಕೇದಾರಿಯವರು ಜೋರಾಗಿ ನಕ್ಕರು. ಈ ಕೂಸು ಸತ್ತಾಗ ನಿನ್ನ ಊರೇ ಹುಟ್ಟಿರಲಿಲ್ಲ ಎಂದರು. ಕೆಲಸದವರೂ ನಕ್ಕರು. ಮರುದಿನದಿಂದ ಕಾಶೆವ್ವನಿಗೆ ಕೆಲಸ ಇಲ್ಲವೆಂದಾಯಿತು.

ಪೇಪರಿನಲ್ಲಿ ದೊಡ್ಡ ಫೋಟೋ ಬಂತು. ಸಿಕ್ಕ ವಸ್ತುಗಳನ್ನೆಲ್ಲ ಹುಕ್ಕೇರಿಯ ಹಳೇ ಕಟ್ಟಡವೊಂದಕ್ಕೆ ಸಾಗಿಸಿದರು. ಬಾಳೇಶ ಅದರ ಉಗ್ರಾಣ ನೋಡಿಕೊಳ್ಳುವವನಾದ. ಕಲ್ಲಿನ ಚೂರುಗಳನ್ನು ಪದರವಾರು ಚೀಲಕ್ಕೆ ಹಾಕಿ ಚೀಟಿ ಅಂಟಿಸಿದ. ಗೆದ್ದಲಿಗೆ ಔಷಧ ಹೊಡೆಸಿದ. ಕೂಸಿನ ಎಲುಬುಗಳನ್ನು ಹತ್ತಿ ಹಾಸಿದ ಪೆಟ್ಟಿಗೆಯಲ್ಲಿಟ್ಟ. ಅದರ ನಂಬರು ಮೂವತ್ತೇಳು.

ಕಾಶೆವ್ವ ಪ್ರತಿ ಅಮಾವಾಸ್ಯೆಗೆ ಎರಡು ಬಸ್ಸು ಬದಲಿಸಿ ಬರತೊಡಗಿದಳು. ಕೊಡಿರಿ, ಮಣ್ಣು ಮಾಡುತ್ತೇನೆ ಎಂದು ಕೇಳುವಳು. ಸರಕಾರದ ಸ್ವತ್ತು, ಕೊಡಲು ಬರುವುದಿಲ್ಲ ಎಂದು ಅವನು ಹೇಳುವನು. ಹಾಗಾದರೆ ನೋಡಿ ಹೋಗುತ್ತೇನೆ ಎನ್ನುವಳು. ಮೊದಮೊದಲು ತೋರಿಸಿದ. ಒಮ್ಮೆ ಆಕೆ ಬುರುಡೆಯ ಮೇಲೆ ದೇವರ ಭಂಡಾರದ ಅರಿಸಿನ ಹಚ್ಚಿಬಿಟ್ಟಳು. ಅಂದಿನಿಂದ ಬಾಗಿಲಲ್ಲೇ ನಿಲ್ಲಿಸಿದ.

ಎರಡನೆಯ ವರ್ಷ ಪುಣೆಯ ಪ್ರಯೋಗಾಲಯಕ್ಕೆ ಒಂದು ಹಲ್ಲು ಕಳಿಸಿದರು. ಅರೆದು, ಪರೀಕ್ಷಿಸಿ ಅವರು ಬರೆದ ಉತ್ತರ ಒಂದೇ ಹಾಳೆಯದು. ಎಲುಬು ಐವತ್ತು ವರ್ಷಕ್ಕಿಂತ ಹಳೆಯದಲ್ಲ.

ಕೇದಾರಿಯವರು ಅದನ್ನು ಓದಿ ಬ್ಯಾಗಿಗೆ ಹಾಕಿಕೊಂಡರು. ಮುದುಕಿಗೆ ಕೊಟ್ಟುಬಿಡೋಣವೇ ಎಂದು ಬಾಳೇಶ ಮೆಲ್ಲಗೆ ಕೇಳಿದ.

"ಕೊಟ್ರ ನಾಳೆ ಆಕೀದೂ ಫೋಟೋ ಪೇಪರನ್ಯಾಗ ಬರ್ತೈತಿ. ನಿನಗೂ ನನಗೂ ನೌಕರಿ ಬ್ಯಾಡೇನು?"

ಕಟ್ಟಡದ ಹಿಂದೆ ಒಂದು ಹಾಳು ಬಾವಿ ಇತ್ತು. ಅದನ್ನು ಮುಚ್ಚಿಸುವ ಕೆಲಸ ಆಗ ನಡೆದಿತ್ತು. ಆಳುಗಳು ಊಟಕ್ಕೆ ಹೋದ ಹೊತ್ತಿನಲ್ಲಿ ಬಾಳೇಶ ಎಲುಬುಗಳನ್ನು ಒಡೆದ ಹಂಚಿನ ಚೂರುಗಳ ಜೊತೆ ಸಿಮೆಂಟಿನ ಖಾಲಿ ಚೀಲಕ್ಕೆ ಸುರಿದು, ಬಾವಿಯೊಳಗೆ ತಲೆಕೆಳಗು ಮಾಡಿ ಕೊಡವಿದ. ಪುಸ್ತಕದಲ್ಲಿ ಮೂವತ್ತೇಳನೆಯ ನಂಬರಿನ ಮುಂದೆ ಪುಣೆಗೆ ಕಳಿಸಿದೆ ಎಂದು ಬರೆದ. ವಾರದೊಳಗೆ ಮೇಲೆ ಕಾಂಕ್ರೀಟು ಬಿತ್ತು. ನೌಕರರು ಮೋಟಾರ್ ಸೈಕಲ್ ನಿಲ್ಲಿಸಿಕೊಳ್ಳತೊಡಗಿದರು.

ಮುಂದಿನ ಅಮಾವಾಸ್ಯೆಗೆ ಕಾಶೆವ್ವ ಬಂದಳು. ಪೆಟ್ಟಿಗೆ ಪುಣೆಗೆ ಹೋಗಿದೆ, ಅಲ್ಲೇ ಇಟ್ಟುಕೊಳ್ಳುತ್ತಾರೆ ಎಂದು ಅವನು ಹೇಳಿದ. ಅಷ್ಟು ದೂರದ ಹೆಸರು ಹೇಳಿದರೆ ಪೀಡೆ ತೊಲಗೀತು ಎಂಬುದು ಅವನ ಲೆಕ್ಕ. ಆಕೆ ಎರಡು ಆಡು ಮಾರಿ ಘಟಪ್ರಭಾದಲ್ಲಿ ರೈಲು ಹತ್ತಿದಳು. ಭಾಷೆ ಬಾರದ ಊರಿನಲ್ಲಿ ಒಂಬತ್ತು ದಿನ ಗೇಟಿನಿಂದ ಗೇಟಿಗೆ ಅಲೆದು, ಕಾಲು ಬಾತು, ನೇರವಾಗಿ ಹುಕ್ಕೇರಿಗೇ ಬಂದಳು. ಬೈಯಲಿಲ್ಲ, ಅಳಲೂ ಇಲ್ಲ.

"ಅಲ್ಲಿಗೆ ಬರೇ ಒಂದ ಹಲ್ಲು ಬಂದಿತ್ತಂತ್ರಿ. ಕನ್ನಡ ಬಲ್ಲಾಂವ ಒಬ್ಬಾಂವ ಹೇಳಿದ. ಉಳಿದದ್ದು ಎಲ್ಲೈತ್ರಿ?"

ಅಂದು ಲೆಕ್ಕಪತ್ರ ನೋಡುವ ಅಧಿಕಾರಿಗಳು ಬರುವವರಿದ್ದರು. ಬಾಳೇಶನಿಗೆ ಬೆಳಗಿನಿಂದ ತಲೆ ಸಿಡಿಯುತ್ತಿತ್ತು. ಈ ಮುದುಕಿ ಅವರೆದುರು ಬಾಯಿ ಬಿಟ್ಟರೆ ಗತಿಯೇನು ಎಂದು ಆಕೆಯ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ.

"ಖರೆ ಕೇಳ್ತೀಯೇನು? ಅದು ನಿನ್ನ ಮಗಳ ಇತ್ತು. ಈ ಬಾವ್ಯಾಗ ಹಾಕೇನಿ. ಇನ್ನ ತಗ್ಯಾಕ ಬರೂದಿಲ್ಲ. ಮನಿಗೆ ಹೋಗು."

ಹೇಳಿದ ಮೇಲೆ ಅವನಿಗೆ ಹಗುರವೆನಿಸಿತು. ಹಾಗೆನಿಸಿದ್ದಕ್ಕೆ ಒಂದು ಗಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಕಾಶೆವ್ವ ಕಾಂಕ್ರೀಟಿನ ಮೇಲೆ ನಿಂತಿದ್ದ ಮೋಟಾರ್ ಸೈಕಲ್‌ಗಳನ್ನು ನೋಡಿದಳು.

"ತಲಿ ಯಾವ ದಿಕ್ಕಿಗೆ ಮಾಡಿ ಮಲಗಿಸೀರಿ?"

ಬಾಳೇಶ ಕಾವಲುಗಾರನನ್ನು ಕೂಗಿದ. ಆಕೆ ಬಾವಿಯ ಅಂಚಿಗೆ ಹೋಗಿ, ಎರಡು ಗಾಡಿಗಳ ನಡುವೆ ಜಾಗ ಮಾಡಿಕೊಂಡು, ಬಿಸಿಲಲ್ಲಿ ಕುಳಿತಳು. ಕಾವಲುಗಾರ ಹಣಮಂತ ಎರಡು ಸಲ ಎಬ್ಬಿಸಿ ಗೇಟಿನಾಚೆ ಬಿಟ್ಟು ಬಂದ. ಎರಡು ಸಲವೂ ತಿರುಗಿ ಬಂದು ಕುಳಿತಳು. ಕೊನೆಗೆ ಬಾಳೇಶನೇ ಆಕೆಯ ತಮ್ಮ ಲಕ್ಕಪ್ಪನಿಗೆ ಫೋನ್ ಮಾಡಿ, ನಿಮ್ಮ ಅಕ್ಕನಿಗೆ ತಲೆ ಕೆಟ್ಟಿದೆ, ಕರೆದುಕೊಂಡು ಹೋಗಿರಿ ಎಂದ.

ಅಧಿಕಾರಿಗಳು ಮೂರು ಗಂಟೆಗೆ ಬಂದರು; ಹಿತ್ತಲಿನತ್ತ ಹೋಗಲಿಲ್ಲ. ಚೀಲಗಳನ್ನು ಎಣಿಸಿ, ಚೀಟಿಗಳನ್ನು ಓದಿ, ಇಷ್ಟು ಅಚ್ಚುಕಟ್ಟಾಗಿ ಇಟ್ಟ ಉಗ್ರಾಣ ಈ ಭಾಗದಲ್ಲಿ ಇನ್ನೊಂದಿಲ್ಲ ಎಂದು ಪುಸ್ತಕದಲ್ಲಿ ಬರೆದು ಹೋದರು.