ನೋವನ್ನು ಕಡಿಮೆ ಮಾಡಿ ಹೇಳುವ ಡಾಕ್ಟರು

ಉಷಾ ಆಂಟಿ ಯಾವ ಬಾಗಿಲನ್ನೂ ನೇರವಾಗಿ ದಾಟಿದವರಲ್ಲ. ಬ್ಯಾಂಕಿರಲಿ, ಅಂಗಡಿಯಿರಲಿ, ತಾವೇ ದಿನವೂ ಕೆಲಸ ಮಾಡಿದ ಕ್ಲಿನಿಕ್ಕಿರಲಿ, ಹೊಸ್ತಿಲ ಈಚೆ ಅರೆಗಳಿಗೆ ನಿಲ್ಲುತ್ತಾರೆ; ಭುಜಗಳನ್ನು ಹಿಂದಕ್ಕೆ ಎಳೆದು, ಕಡುನೀಲಿ ಕೋಟಿನ ಕಾಲರನ್ನು ಬೆರಳಿನಿಂದ ನೀವಿ, ತುಟಿಗಳ ಮೇಲೆ ಒಂದು ಮಂದಹಾಸವನ್ನು ತಂದು ನಿಲ್ಲಿಸಿ, ಅದು ಭದ್ರವಾಗಿ ಕೂತಿತೆಂದು ಖಾತ್ರಿಯಾದ ಮೇಲೆಯೇ ಒಳಗೆ ಅಡಿಯಿಡುತ್ತಾರೆ. ಮೊದಮೊದಲು ನಾನದನ್ನು ಠೀವಿ ಎಂದುಕೊಂಡಿದ್ದೆ.

ಇಂಗ್ಲೆಂಡಿನ ಸೊಲಿಹಲ್ಲಿನ ನಮ್ಮ ಬೀದಿಯಲ್ಲಿ ನಮ್ಮದು ಬಾಡಿಗೆಯ ಮನೆ, ಎದುರಿನದು ಅವರದು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಬರ್ಮಿಂಗ್‌ಹ್ಯಾಮಿನ ಬಡಾವಣೆಯೊಂದರಲ್ಲಿ ಮೂರು ದಶಕ ಜಿಪಿ, ಎಂದರೆ ಕುಟುಂಬ ವೈದ್ಯೆಯಾಗಿದ್ದು, ಆಗ ವಾರಕ್ಕೆರಡು ದಿನ ಮಾತ್ರ ಕೆಲಸಕ್ಕೆ ಹೋಗುತ್ತಿದ್ದರು. ನಾನೋ, ಮಗಳು ಅನ್ವಿತಾ ಎರಡು ಸಲ ಕೆಮ್ಮಿದರೆ ಮೂರನೆಯದಕ್ಕೆ ಕಾಯದೆ ರಸ್ತೆ ದಾಟಿ ಅವರ ಕರೆಗಂಟೆ ಒತ್ತುವವಳು.

"ಬಾರವ್ವ, ಇವತ್ತು ಯಾವ ರೋಗ ಕಂಡುಹಿಡಿದೆ?"

"ನಗಬೇಡಿ ಆಂಟಿ, ಇವಳ ಉಸಿರು ಒಂದ್ಸಲ ಕೇಳಿ."

"ಇವಳ ಉಸಿರು ಬೆಣ್ಣೆ ಹಾಗಿದೆ. ಏದುಸಿರು ಬಿಡ್ತಾ ಇರೋಳು ನೀನು. ಕೂತ್ಕೋ, ಚಹಾ ಮಾಡ್ತೀನಿ."

ಅವರ ಗಂಟಲಲ್ಲಿ ಎರಡು ದನಿಗಳಿದ್ದವು. ನನ್ನನ್ನು ಗದರುವುದು ಒಂದು, ಅಗಲವಾದ, ನಗುವಿಗೆ ಒಗ್ಗಿದ ದನಿ. ಫೋನ್ ರಿಂಗಾದೊಡನೆ ಇನ್ನೊಂದು ಬರುತ್ತಿತ್ತು: ಸಪೂರವಾದ, ತೊಳೆದಿಟ್ಟ ಇಂಗ್ಲಿಷು. ಪ್ರತಿ ವಾಕ್ಯಕ್ಕೂ ಮೊದಲು ಒಂದು ಕ್ಷಮೆ ಕೇಳುವ ದನಿ ಅದು. ಫೋನ್ ಇಟ್ಟ ಮೇಲೆ ಕತ್ತಿನ ಹಿಂಭಾಗವನ್ನು ಒತ್ತಿಕೊಳ್ಳುತ್ತಿದ್ದರು, ತಲೆಹೊರೆ ಇಳಿಸಿದವರಂತೆ.

ಮಗುವನ್ನು ಮೊದಲ ಸಲ ಆಸ್ಪತ್ರೆಗೆ ಕರೆದೊಯ್ಯುವಾಗ ನನಗೆ ಪಾಠವಾಯಿತು. ಮಗುವಿಗೆ ಇಸ್ತ್ರಿಯಾದ ಫ್ರಾಕು ಹಾಕು. ಅಳಬೇಡ. ಮೊದಲ ವಾಕ್ಯ ನಿಧಾನವಾಗಿ ಹೇಳು. ನಿನ್ನ ಗಂಡ ಅಭಯ್ ಎಂಜಿನಿಯರು ಅನ್ನೋದನ್ನ ಮಧ್ಯೆ ಎಲ್ಲಾದರೂ ಸೇರಿಸು.

"ಇದೇನಾಂಟಿ, ಹೆಣ್ಣು ನೋಡೋಕೆ ಬರೋರ ಮುಂದೆ ಕೂರಿಸೋ ಹಾಗೆ?"

"ಹಾಗೇ ಅಂದ್ಕೋ. ಅಲ್ಲಿ ಮೊದಲು ನಮ್ಮನ್ನ ನೋಡ್ತಾರೆ, ಆಮೇಲೆ ನಮ್ಮ ರೋಗಾನ."

ಇದು ಎಲ್ಲಿಂದ ಬಂತೆಂದು ಒಮ್ಮೆ ಲೆಸ್ಟರಿನಿಂದ ತಂದ ಮೆಂತ್ಯ ಸೊಪ್ಪು ಬಿಡಿಸುತ್ತಾ ಹೇಳಿದರು. ಕಿರಿಯ ವೈದ್ಯೆಯಾಗಿದ್ದ ಕಾಲದಲ್ಲಿ, ಮೈಯೆಲ್ಲಾ ನೋವೆಂದು ನರಳುವ ನಮ್ಮ ಕಡೆಯ ಹೆಂಗಸರಿಗೆ ಸಿಬ್ಬಂದಿಯ ಕೋಣೆಯಲ್ಲಿ ಒಂದು ಅಡ್ಡಹೆಸರಿತ್ತಂತೆ. ಬಿಸ್ಕತ್ತಿನ ಡಬ್ಬಿಯ ಜೊತೆ ಆ ಹೆಸರೂ ಕೈಯಿಂದ ಕೈಗೆ ಹೋಗುತ್ತಿತ್ತಂತೆ. "ನಾನೂ ನಕ್ಕಿದ್ದೆ. ನಗದಿದ್ರೆ ಆ ಹೆಸರು ನನಗೇ ಅಂಟ್ಕೊಳ್ತಿತ್ತು." ಆಮೇಲೆ ಸ್ವಂತ ಕುರ್ಚಿ ಬಂದರೂ, 'ನಿಜವಾದ ಡಾಕ್ಟರು ಯಾವಾಗ ಬರ್ತಾರೆ?' ಎಂದು ಕೇಳುವ ರೋಗಿಗಳು ಬರುತ್ತಲೇ ಇದ್ದರು. ಆಂಟಿ ಅದನ್ನು ಹಾಸ್ಯವಾಗಿಯೇ ಹೇಳುತ್ತಿದ್ದರು. ಹಾಸ್ಯ ಮುಗಿದ ಮೇಲೆ ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದರು. ಜೋಳದ ರೊಟ್ಟಿ ತಿನ್ನುವ, ದಿನವೂ ಕಾಲುವೆಯ ದಂಡೆಯಲ್ಲಿ ನಡೆಯುವ, ಉಪ್ಪನ್ನು ಮದ್ದಿನಂತೆ ಬಳಸುವ ಹೆಂಗಸಿಗೆ ಆ ಮಾತ್ರೆ ಯಾಕೆ ಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ಕಳೆದ ವಸಂತದ ಒಂದು ಬೆಳಿಗ್ಗೆ ಮಾಮೂಲಿನಂತೆ ಮಗುವನ್ನೆತ್ತಿಕೊಂಡು ಹೋದೆ. ಅವರ ಯಜಮಾನರು, ಚಿದಾನಂದ ಅಂಕಲ್, ಲೆಸ್ಟರಿನ ದೇವಸ್ಥಾನಕ್ಕೆ ಹೋಗಿದ್ದರು. ಆಂಟಿ ನೈಟಿಯಲ್ಲಿಯೇ ಅಡುಗೆಮನೆಯ ಕಟ್ಟೆಗೆ ಎರಡೂ ಕೈಯೂರಿ ನಿಂತಿದ್ದರು. ಮೇಲ್ದುಟಿಯಲ್ಲಿ ಬೆವರು. ನನ್ನನ್ನು ಕಂಡು ಗದರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

"ಎದಿ ಮ್ಯಾಲ ಯಾರೋ ಕಾಲಿಟ್ಟು ನಿಂತಂಗ ಆಗೇತಿ," ಎಂದರು. ಹುಬ್ಬಳ್ಳಿಯ ಮಾತು ಅಷ್ಟು ಅಪ್ಪಟವಾಗಿ ಅವರ ಬಾಯಲ್ಲಿ ಅದಕ್ಕೂ ಮೊದಲು ಕೇಳಿರಲಿಲ್ಲ. "ಗ್ಯಾಸ್ ಅಲ್ಲ ಇದು. ಬೆಳಕು ಹರಿಯೋ ಮೊದಲೇ ಶುರುವಾಗಿದೆ."

ನಾನು ಫೋನ್ ತೆಗೆದೆ. ಅವರು ಕೈ ಎತ್ತಿದರು. "ತಡಿ. ಬಟ್ಟೆ ಬದಲಾಯಿಸ್ತೀನಿ."

"ಆಂಟಿ! ಇದು ಹಾರ್ಟ್ ಅಟ್ಯಾಕ್ ಅಂತ ನಿಮಗೇ ಗೊತ್ತು..."

"ನೈಟಿಯಲ್ಲಿ ಹೋದ್ರೆ ನಾನೂ ಕಿರುಚಾಡೋ ಇನ್ನೊಬ್ಬ ಮುದುಕಿ. ತಡಿ ಅಂದ್ನಲ್ಲ."

ಕಂಬಿ ಹಿಡಿದು ಮೆಟ್ಟಿಲು ಹತ್ತಿಯೇಬಿಟ್ಟರು. ಬೇರೆ ಯಾವ ರೋಗಿ ಹಾಗೆ ಮೆಟ್ಟಿಲು ಹತ್ತಿದ್ದರೂ ಬೈದು ಕೂರಿಸುತ್ತಿದ್ದ ಹೆಂಗಸು. ನಾನು ಅವರ ಮಾತು ಮೀರಿ ಆಂಬ್ಯುಲೆನ್ಸಿಗೆ ಕರೆ ಮಾಡಿದೆ. ಅದು ಬರುವ ಹೊತ್ತಿಗೆ ಅವರು ಮುತ್ತಿನ ಓಲೆ, ಕಡುನೀಲಿ ಕೋಟು, ತಿಳಿಯಾದ ಲಿಪ್‌ಸ್ಟಿಕ್ಕಿನಲ್ಲಿ ಸೋಫಾದ ಮೇಲೆ ನೆಟ್ಟಗೆ ಕುಳಿತಿದ್ದರು.

ಬಂದ ತರುಣ ಸಂಭಾವಿತ. ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದ.

"ಕ್ಷಮಿಸಿ, ನಿಮಗೆ ತೊಂದರೆ ಕೊಟ್ಟೆ," ಎಂದಿತು ತೊಳೆದಿಟ್ಟ ಇಂಗ್ಲಿಷು, ನಗುತ್ತಾ. "ಮೂರು ಅನ್ನಬಹುದೇನೋ. ನಿನ್ನೆ ತೋಟದಲ್ಲಿ ಮಣ್ಣಿನ ಚೀಲ ಎತ್ತಿದೆ, ಅದರ ಉಳುಕಿರಬೇಕು."

ಅವನ ಮುಖ ಸಡಿಲವಾದದ್ದು ನನಗೆ ಕಾಣಿಸಿತು. ನೀವು ಚೆನ್ನಾಗಿಯೇ ಕಾಣುತ್ತೀರಿ, ಆದರೂ ಒಮ್ಮೆ ನೋಡಿಬಿಡೋಣ ಎಂದು ತನ್ನ ಚೀಲದ ಜಿಪ್ಪನ್ನು ಆರಾಮವಾಗಿ ಎಳೆಯತೊಡಗಿದ. ಆಗ ನಾನು ಕಿರುಚಿದೆ. ಆಂಟಿ ಕಲಿಸಿದ ಪಾಠವೊಂದೂ ನೆನಪಿಗೆ ಬರಲಿಲ್ಲ. ಕಂಕುಳಲ್ಲಿ ಅಳುವ ಮಗು, ಹರಿದ ಚಪ್ಪಲಿ, ನನ್ನ ಮೈಸೂರಿನ ಇಂಗ್ಲಿಷು. "ಸುಳ್ಳು ಹೇಳ್ತಿದ್ದಾರೆ! ಇವರು ಡಾಕ್ಟರು, ಸುಳ್ಳು ಹೇಳ್ತಿದ್ದಾರೆ! ಎದೆ ಮೇಲೆ ಯಾರೋ ನಿಂತ ಹಾಗಿದೆ ಅಂತ ಈಗಷ್ಟೇ ನನಗೆ ಹೇಳಿದ್ರು, ಬೆಳಗಿನ ಜಾವದಿಂದ!"

ಆಂಟಿ ಕಣ್ಣು ಮುಚ್ಚಿಕೊಂಡರು. ನಾಚಿಕೆಯಿಂದಲೋ, ನೋವಿನಿಂದಲೋ. ತರುಣನ ಕೈಗೆ ವೇಗ ಬಂತು. ಇಸಿಜಿ ಯಂತ್ರದ ಕಾಗದ ಹೊರಬಂದ ಮೇಲೆ ಅವನೂ ನಗಲಿಲ್ಲ, ಅವರೂ ನಗಲಿಲ್ಲ.

ಜೀವ ಉಳಿಯಿತು. ಆದರೆ ತಡವಾದ ಹೊತ್ತಿನಲ್ಲಿ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿತ್ತು. ಅದು ಮತ್ತೆ ಚಿಗುರುವುದಿಲ್ಲವೆಂದು ತಿಳಿಯಲು ಅವರಿಗೆ ಯಾರ ವಿವರಣೆಯೂ ಬೇಕಿರಲಿಲ್ಲ. ಈಗ ಕಾಲುವೆಯ ದಂಡೆಯ ಎರಡನೆಯ ಬೆಂಚಿನ ತನಕ ನಮ್ಮ ನಡಿಗೆ. ಅನ್ವಿತಾ ಮುಂದೆ ಓಡುತ್ತಾಳೆ, ನಾವು ಕೂರುತ್ತೇವೆ.

"ಕಾರಣ ಏನಂತೆ ಆಂಟಿ?"

"ವಂಶವಾಹಿ ಅಂತ ಬರೀತಾರೆ, ತುಪ್ಪ ಅಂತ ಬರೀತಾರೆ. ನಾನೂ ರೋಗಿಗಳಿಗೆ ಅದನ್ನೇ ಬರೀತಿದ್ದೆ." ಸುಧಾರಿಸಿಕೊಳ್ಳಲು ಮಾತು ನಿಲ್ಲಿಸಿದರು. "ಸುಳ್ಳಲ್ಲ ಅದು. ಆದ್ರೆ ಇಷ್ಟು ವರ್ಷ ಮುಖ ನೆಟ್ಟಗಿಟ್ಕೊಂಡಿದ್ದನ್ನ ಯಾವ ಕಾಲಂನಲ್ಲಿ ಬರೆಯೋದು, ಹೇಳು?"

ಮೊನ್ನೆ ನರ್ಸರಿಯ ಟೀಚರು ಅನ್ವಿತಾಳ ಕೆನ್ನೆ ತಟ್ಟಿ, ಬಿದ್ದರೂ ಅಳದ ಮಗು ಇದು, ತುಂಬಾ ಜಾಣೆ ಎಂದು ಮೆಚ್ಚಿದರು. ಮಂಡಿ ತರಚಿತ್ತು, ಮಗು ನಗುತ್ತಿತ್ತು. ಆ ಮೆಚ್ಚುಗೆಗೆ ಹಿಗ್ಗಲು ನನ್ನಿಂದಾಗಲಿಲ್ಲ. ಮನೆಗೆ ಬಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಳು ಕಂದಾ, ನೋವಾದರೆ ಅಳಬಹುದು ಎಂದು ಹೇಳಿದೆ.

ಪರದೇಶದಲ್ಲಿ ಬಾಳಿ ಗೆದ್ದವರನ್ನು ನಾವು ಗಟ್ಟಿಗರೆಂದು ಹೊಗಳುತ್ತೇವೆ. ಯಾರಿಗೂ ಬೆರಳು ತೋರಿಸಲು ಅವಕಾಶ ಕೊಡದೆ, ಅವಮಾನವನ್ನು ಹಾಸ್ಯವಾಗಿಸಿ, ನೋವನ್ನು ಅರ್ಧಕ್ಕಿಳಿಸಿ ಹೇಳುವ ಇಂಥವರು ಪ್ರತಿ ಊರಿನಲ್ಲಿದ್ದಾರೆ; ಅವರ ಸಭ್ಯತೆಯಿಂದಲೇ ನಮ್ಮಂಥವರಿಗೆ ಇಲ್ಲಿ ಕೂರಲು ಜಾಗವಾಯಿತು. ಆದರೆ ಸದಾ ಎಚ್ಚರವಾಗಿರುವುದೂ ಒಂದು ದುಡಿಮೆ. ಮನಸ್ಸು ಅದಕ್ಕೆ ಒಗ್ಗಿ ಮರೆತುಬಿಡಬಲ್ಲದು. ರಕ್ತನಾಳಕ್ಕೆ ಆ ಮರೆವು ದಕ್ಕುವುದಿಲ್ಲ. ಗಟ್ಟಿಗರು ಒಮ್ಮೆಗೇ ಮುರಿಯುವುದಿಲ್ಲ. ನಗುನಗುತ್ತಲೇ ಒಳಗೊಳಗೇ ಸವೆಯುತ್ತಾರೆ. ಯಾರಾದರೂ ಕೇಳಿದರೆ, ಏನಿಲ್ಲ, ಸ್ವಲ್ಪ ಉಳುಕು ಅನ್ನುತ್ತಾರೆ.