ಪಿಸುಮಾತಿನ ಮನೆಗೆ ಬಂದ ಡೋಲು

ಆ ಮನೆಯಲ್ಲಿ ಜಗಳ ಕೂಡ ಪಿಸುಮಾತಿನಲ್ಲೇ ನಡೆಯುತ್ತಿತ್ತು. ಗಂಡ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಹಲ್ಲು ಕಚ್ಚಿಕೊಂಡು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಕಿಟಕಿಯಿಂದ ಯಾರಾದರೂ ಇಣುಕಿದರೆ ಏನೋ ಸರಸ ನಡೆಯುತ್ತಿದೆ ಎಂದು ನಾಚಿಕೊಂಡು ಹಿಂದೆ ಸರಿಯಬೇಕು, ಹಾಗೆ.

ಇದಕ್ಕೆಲ್ಲ ಕಾರಣ ನಾಲ್ಕು ವರ್ಷದ ಗುಬ್ಬಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಹುಡುಗಿ. ಹುಟ್ಟಿದ ಮೇಲೆ ಎರಡು ತಿಂಗಳು ಯಂತ್ರದ ಉಸಿರಿನಲ್ಲಿದ್ದಳು. ಬದುಕಿಸಿದ ಯಂತ್ರದ ನಳಿಗೆಯೇ ಗಂಟಲೊಳಗೆ ಗಾಯ ಮಾಡಿ ಉಸಿರಿನ ದಾರಿಯನ್ನು ಕಿರಿದು ಮಾಡಿಬಿಟ್ಟಿತು. ಕೊನೆಗೆ ಕತ್ತಿನ ಮುಂದೆ ಒಂದು ತೂತು ಮಾಡಿ ಸಣ್ಣ ಕೊಳವೆ ಕೂರಿಸಿದರು. ಉಸಿರು ಹೋಗುವುದೂ ಅದರಲ್ಲೇ, ಬರುವುದೂ ಅದರಲ್ಲೇ. ಗಾಳಿ ಗಂಟಲಿಗೆ ಏರುವುದೇ ಇಲ್ಲವಾದ್ದರಿಂದ ಗುಬ್ಬಿಗೆ ದನಿಯಿಲ್ಲ. ಅತ್ತರೆ ಮುಖ ಮಾತ್ರ ಅಳುತ್ತದೆ. ಮಾತಾಡಬೇಕೆನಿಸಿದರೆ ತುಟಿಗಳು ಆಡುತ್ತವೆ, ಅಷ್ಟೆ.

ಕೊಳವೆಯಲ್ಲಿ ಕಫ ಕಟ್ಟಿದರೆ ಸಣ್ಣಗೆ ಗುರುಗುರು ಎನ್ನುತ್ತದೆ. ಅದು ಕಿವಿಗೆ ಬಿದ್ದ ಕೂಡಲೇ ತೆಳ್ಳನೆಯ ಪೈಪು ಇಳಿಸಿ, ಸಕ್ಷನ್ ಮೆಷಿನ್ ಹಾಕಿ ಕಫ ಎಳೆಯಬೇಕು. ಕಿವಿಗೆ ಬೀಳದಿದ್ದರೆ ಏನಾಗುತ್ತದೆ ಎಂಬುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಆದ್ದರಿಂದ ಮನೆಗೆ ಮನೆಯೇ ಸದ್ದಡಗಿಸಿಕೊಂಡು ಕೂತಿತ್ತು. ಬಾಗಿಲ ಬೆಲ್ಲಿನ ವೈರು ಕಿತ್ತಾಗಿತ್ತು. ಗಂಡ ಮನೆಯಲ್ಲಿದ್ದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ಮಾತ್ರ ಮಿಕ್ಸಿ ತಿರುಗುತ್ತಿತ್ತು. ಅತ್ತೆಯ ಧಾರಾವಾಹಿಗೂ ಸದ್ದಿಲ್ಲ. ಪಾಪ, ಆ ಮುದುಕಿ ಮೂಗ ಟೀವಿಯ ಮುಂದೆ ಕೂತು ಮಾತುಗಳನ್ನೆಲ್ಲ ತಾನೇ ಕಟ್ಟಿಕೊಂಡು ಮೊಮ್ಮಗಳಿಗೆ ಮೆಲ್ಲಗೆ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ಸೊಸೆಯಂದಿರೆಲ್ಲ ಕಡೆಗೆ ಅತ್ತೆಯ ಕಾಲು ಹಿಡಿಯುತ್ತಿದ್ದರು.

ಗುಬ್ಬಿಯ ಅಮ್ಮ ಹಿಂದೆ ಟ್ಯಾಕ್ಸಿ ಆಫೀಸಿನಲ್ಲಿ ಫೋನಿಗೆ ಕೂರುತ್ತಿದ್ದವಳು. ಮೂರು ಫೋನು, ನಲವತ್ತು ಡ್ರೈವರುಗಳು. ಅತ್ತ ಕಡೆಯವರು ಹಲೋ ಅನ್ನುವ ಮೊದಲೇ, ಉಸಿರೆಳೆದ ರೀತಿಯಲ್ಲೇ ಯಾರೆಂದು ಹೇಳಿಬಿಡುತ್ತಿದ್ದಳು. ಒಮ್ಮೆ ಕೇಳಿದ ದನಿಯನ್ನು ಮರೆತವಳಲ್ಲ. ಗುಬ್ಬಿ ಹುಟ್ಟಿದ ಮೇಲೆ ಆ ಕೆಲಸ ಬಿಟ್ಟಳು, ಕಿವಿ ಮಾತ್ರ ಮನೆಗೆ ಬಂತು. ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದರೂ ನಡುಮನೆಯ ಗುರುಗುರು ಕೇಳಿ ಓಡಿ ಬರುತ್ತಿದ್ದಳು. ನಾಲ್ಕು ವರ್ಷ ಮೈಯೆಲ್ಲ ಕಿವಿಯಾಗಿ ಬದುಕಿದವಳು ಅವಳು. ಗುಬ್ಬಿ ಒಂದು ಚಪ್ಪಾಳೆ ತಟ್ಟಿದರೆ ಬಾ ಎಂದರ್ಥ, ಎರಡು ತಟ್ಟಿದರೆ ಕಫ ತೆಗೆ ಎಂದು.

ಇಂಥ ಮನೆಗೆ, ಒಂದು ಸಂಜೆ, ಬಸ್ ಡ್ರೈವರ್ ಗಂಡ ಅಂಗಿಯೊಳಗೆ ಒಂದು ನಾಯಿಮರಿ ಇಟ್ಟುಕೊಂಡು ಬಂದ. ಡಿಪೋದಲ್ಲಿ ಗಾಡಿ ನಿಲ್ಲಿಸಿ ನೋಡಿದರೆ ಹಿಂದಿನ ಸೀಟಿನ ಕೆಳಗೆ ರಟ್ಟಿನ ಡಬ್ಬಿಯಲ್ಲಿ ಸಿಕ್ಕಿತಂತೆ, ಯಾರೋ ಪುಣ್ಯಾತ್ಮರು ಬಿಟ್ಟು ಇಳಿದಿದ್ದರಂತೆ.

ಹೆಂಡತಿಗೆ ಪಿತ್ತ ನೆತ್ತಿಗೇರಿತು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತಲ್ಲ ಎಂದು ಪಿಸುಗುಟ್ಟಿದಳು. ನಾಯಿಯ ಕೂದಲು ಕೊಳವೆಗೆ ಹೋದರೆ ಗತಿಯೇನು, ಅದರ ಹೇಲು ಉಚ್ಚೆ ಬಳಿಯುವವರು ಯಾರು, ನಾಯಿ ಅಂದ ಮೇಲೆ ಬೊಗಳುತ್ತದೆ ಅನ್ನುವುದಾದರೂ ಗೊತ್ತಿದೆಯೋ ಇಲ್ಲವೋ. ಗಂಡ ಎಲ್ಲಕ್ಕೂ ತಲೆ ತಗ್ಗಿಸಿ, ಕೊನೆಗೆ ಒಂದೇ ಮಾತು ಹೇಳಿದ.

"ಮಗೂಗೆ ಒಂದು ಜೊತೆ ಬೇಡ್ವೇನೇ?"

"ಹಾಗಾದ್ರೆ ನಾನ್ಯಾರು?"

ಅವನು ಉತ್ತರ ಕೊಡುವಷ್ಟರಲ್ಲಿ ಮರಿ ಬೊಗಳಿತು. ಅಂಗೈಯಗಲದ ಪ್ರಾಣಿ, ದನಿ ಮಾತ್ರ ಮೂರು ಬೀದಿಗೆ ಕೇಳುವಂಥದ್ದು. ಗುಬ್ಬಿ ಬಾಯಗಲಿಸಿ ಸದ್ದಿಲ್ಲದೆ ನಗುತ್ತ ನೆಲಕ್ಕೆ ಬಿದ್ದು ಹೊರಳಾಡಿದಳು. ಅತ್ತೆ ಅದರ ಉಬ್ಬಿದ ಹೊಟ್ಟೆ ನೋಡಿ ಡೋಲು ಎಂದು ಹೆಸರಿಟ್ಟಳು. ಹೆಸರಿಟ್ಟ ಮೇಲೆ ಮುಗಿಯಿತು, ನಾಯಿ ಮನೆಯದಾಯಿತು.

ಡೋಲುವಿಗೆ ಚಪ್ಪಾಳೆಯ ಭಾಷೆ ಗೊತ್ತಿರಲಿಲ್ಲ. ಗುಬ್ಬಿ ತಟ್ಟಿದರೆ ಆಟಕ್ಕೆ ಕರೆದಳೆಂದು ತಿಳಿದು ಇನ್ನಷ್ಟು ಮೈಮೇಲೆ ಹಾರುತ್ತಿತ್ತು. ಗುಬ್ಬಿ ತುಟಿಯಾಡಿಸಿ ಏನೇನೋ ಆಜ್ಞೆ ಮಾಡುತ್ತಿದ್ದಳು, ಅದು ಕಿವಿ ಕೆರೆದುಕೊಳ್ಳುತ್ತಿತ್ತು. ಅದು ಕೇಳುತ್ತಿದ್ದದ್ದು ಒಂದೇ ಮಾತು. ಬಂದ ಮರುದಿನವೇ ಅದು ಸಕ್ಷನ್ ಮೆಷಿನ್ನಿನ ವೈರಿಗೆ ಬಾಯಿ ಹಾಕಿದಾಗ, ಗುಬ್ಬಿಯ ಅಮ್ಮ ನಾಲ್ಕು ವರ್ಷಗಳಲ್ಲಿ ಮೊದಲ ಸಲ ಗಂಟಲು ಹರಿಯುವಂತೆ ಕೂಗಿದ್ದಳು.

"ಸುಮ್ನಿರು!"

ಡೋಲು ತಟ್ಟನೆ ಕುಂಡಿ ಊರಿ ಕೂತಿತು. ಅತ್ತೆಯ ಕೈಯ ಲೋಟ ಅಲುಗಿ ನೀರು ಚೆಲ್ಲಿತು. ಗುಬ್ಬಿ ಅಮ್ಮನ ಬಾಯಿಯನ್ನೇ ನೋಡಿದಳು, ಅದರೊಳಗೆ ಏನಿದೆ ಎಂದು ಹುಡುಕುವವಳ ಹಾಗೆ. ಅಂದಿನಿಂದ ಬೊಗಳಿದರೂ ಸುಮ್ನಿರು, ಚಪ್ಪಲಿ ಕಚ್ಚಿದರೂ ಸುಮ್ನಿರು, ದಿನಕ್ಕೆ ನೂರು ಸಲ. ಕೂಗಿ ಕೂಗಿ ಅವಳ ಗಂಟಲು ಒಡೆಯಿತು. ಕೂಗಿದಷ್ಟೂ ಒಳಗಿನ ಸಿಟ್ಟು ತಣಿಯಲಿಲ್ಲ, ಇನ್ನಷ್ಟು ಉಕ್ಕಿ ಬಂತು.

ಆ ಸಿಟ್ಟೆಲ್ಲ ನಾಯಿಯದಲ್ಲ. ಅರ್ಧ ಆಸ್ಪತ್ರೆಯದು. ಆರು ತಿಂಗಳ ಹಿಂದೆ ಎರಡನೆಯ ಆಪರೇಷನ್ ಆಗಿ ಗುಬ್ಬಿಯ ಉಸಿರಿನ ದಾರಿ ಅಗಲವಾಗಿತ್ತು. ಉಸಿರು ಬಿಡುವಾಗ ಕೊಳವೆಯ ಬಾಯಿಗೆ ಬೆರಳು ಮುಚ್ಚಿದರೆ ಗಾಳಿ ಮೇಲೇರಿ ದನಿ ಬರಬೇಕು ಎಂದಿದ್ದರು ಡಾಕ್ಟರು. ಬರುವ ಮಂಗಳವಾರದೊಳಗೆ ದನಿ ಬಂದರೆ ಕೊಳವೆ ತೆಗೆಯುವ ಯೋಚನೆ ಶುರು ಮಾಡಬಹುದು, ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಆದರೆ ಗುಬ್ಬಿ ಕತ್ತಿನ ಹತ್ತಿರ ಬೆರಳು ತಂದವರನ್ನು ಕಚ್ಚುತ್ತಿದ್ದಳು. ಅಲ್ಲಿ ಏನೇ ಅಡ್ಡ ಬಂದರೂ ಅವಳಿಗೆ ಅದು ಉಸಿರುಗಟ್ಟುವುದೇ. ಕಟ್ಟಿದ್ದನ್ನು ಎಷ್ಟು ಸಲ ಅನುಭವಿಸಿದ್ದಾಳೋ ಅವಳಿಗೇ ಗೊತ್ತು.

ಮಾತು ಕಲಿಸುವ ಟೀಚರ ಕೋಣೆಯಲ್ಲಿ ಗೋಡೆಗೊಂದು ದೊಡ್ಡ ಕನ್ನಡಿ, ಬುಟ್ಟಿ ತುಂಬ ಬೊಂಬೆ. ಟೀಚರು ತಮ್ಮ ಕತ್ತಿನ ಮೇಲೆ ಬೆರಳಿಟ್ಟು 'ಆ' ಅಂದು ತೋರಿಸಿದರೆ ಗುಬ್ಬಿ ಬೊಂಬೆಯನ್ನು ಅವರ ಮುಖಕ್ಕೆ ಎಸೆದಳು. ಬಲವಂತ ಮಾಡಬೇಡಿ, ಆದರೆ ಮಂಗಳವಾರದೊಳಗೆ ಆಗಲೇಬೇಕು ಎಂದರು ಟೀಚರು. ಜೊತೆಗೆ ಮನೆಯಲ್ಲಿ ನಗುನಗುತ್ತ ಇರಬೇಕಂತೆ, ತಾಯಿಯ ಒತ್ತಡ ಮಗುವಿಗೆ ಗೊತ್ತಾಗುತ್ತದಂತೆ. ಗುಬ್ಬಿಯ ಅಮ್ಮ ಹೂಂ ಅಂದು ಬ್ಯಾಗು ಹೆಗಲಿಗೇರಿಸಿಕೊಂಡಳು. ಹೇಳುವವರಿಗೇನು, ಬಾಯಿ ಒಂದಿದ್ದರೆ ಸಾಕು. ನಗುತ್ತ ಕಫ ಎಳೆದು ನೋಡಲಿ ಇವರು ಒಂದು ದಿನ, ಎಂದು ಬಸ್ಸಿನುದ್ದಕ್ಕೂ ಒಳಗೊಳಗೇ ಉರಿದಳು.

ಬುಧವಾರ ಬೆಳಿಗ್ಗೆ ಬಾಗಿಲು ತಟ್ಟಿದರು. ಸಕ್ಷನ್ ಪೈಪುಗಳ ಪಾರ್ಸೆಲ್ಲು. ಅತ್ತೆ ಸ್ನಾನಕ್ಕೆ ಹೋಗಿದ್ದಳು. ಪಾರ್ಸೆಲ್ ತಂದವನು ಸಹಿ ಹಾಕಿಸಿಕೊಳ್ಳುವುದಕ್ಕೆ ಪೆನ್ನು ಹುಡುಕುತ್ತ ನಿಂತ, ಡೋಲು ಅವನ ಬೂಟು ನೋಡಿಕೊಂಡು ಒಂದೇ ಸಮನೆ ಬೊಗಳಿತು. ಎರಡು ನಿಮಿಷ, ಹೆಚ್ಚೆಂದರೆ ಮೂರು. ಅಮ್ಮ ಡಬ್ಬಿ ಎತ್ತಿಕೊಂಡು ಒಳಗೆ ಬಂದರೆ ಗುಬ್ಬಿ ಗೋಡೆಗೆ ಒರಗಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು, ಎರಡೆರಡು, ಎರಡೆರಡು, ಮೆಲ್ಲಗೆ. ತುಟಿ ಕಪ್ಪಿಟ್ಟಿತ್ತು.

ಅವಳು ಹೇಗೆ ಪೈಪು ಇಳಿಸಿದಳೋ, ಹೇಗೆ ಮೆಷಿನ್ ಹಾಕಿದಳೋ ಅವಳಿಗೇ ತಿಳಿಯದು. ಗಟ್ಟಿ ಕಫ ಬಂತು, ಮಗುವಿನ ಎದೆ ಮೇಲೆದ್ದು ಇಳಿಯಿತು, ತುಟಿಗೆ ಬಣ್ಣ ಮರಳಿತು. ಆಮೇಲೆ ಅವಳು ಡೋಲುವಿನ ಕತ್ತು ಹಿಡಿದೆತ್ತಿ ಹಿತ್ತಿಲಿಗೆ ಬಿಟ್ಟು ಚಿಲಕ ಹಾಕಿದಳು. ನಿಂತಲ್ಲಿಂದಲೇ ಡಿಪೋಗೆ ಫೋನ್ ಮಾಡಿದಳು. ಪಿಸುಮಾತು ಮರೆತೇಹೋಗಿತ್ತು.

"ಭಾನುವಾರದ ಹೊತ್ತಿಗೆ ಆ ನಾಯಿ ಈ ಮನೇಲಿ ಇರಬಾರ್ದು. ಇದ್ರೆ ನಾನು ಗುಬ್ಬೀನ ಎತ್ಕೊಂಡು ಹೊರಡ್ತೀನಿ. ಯಾರು ಬೇಕು ಅಂತ ನೀವೇ ಯೋಚನೆ ಮಾಡಿ."

ತುಟಿ ಕಪ್ಪಿಟ್ಟಿತ್ತು ಎಂದು ಕೇಳಿದ ಮೇಲೆ ಗಂಡ ವಾದಿಸಲಿಲ್ಲ. ಡಿಪೋದ ಮೆಕ್ಯಾನಿಕ್ಕು ನಾಯಿ ಸಾಕುತ್ತಾನೆ, ಭಾನುವಾರ ಹನ್ನೊಂದಕ್ಕೆ ಬಂದು ಒಯ್ಯುತ್ತಾನೆ ಎಂದು ಗೊತ್ತು ಮಾಡಿದ.

ಅದನ್ನು ಗುಬ್ಬಿಗೆ ಯಾರೂ ಹೇಳಲಿಲ್ಲ, ಅವಳಿಗೆ ತಿಳಿಯದೆಯೂ ಇರಲಿಲ್ಲ. ದನಿಯಿಲ್ಲದ ಮಕ್ಕಳ ಕಿವಿ ಚುರುಕು. ಗುರುವಾರದಿಂದ ಅವಳು ಅಮ್ಮನಿಗೆ ಚಪ್ಪಾಳೆ ತಟ್ಟುವುದನ್ನೇ ಬಿಟ್ಟಳು. ಕಫ ಕಟ್ಟಿದರೆ ಹೋಗಿ ಅಜ್ಜಿಯ ಮುಂದೆ ತಟ್ಟುತ್ತಿದ್ದಳು, ಅಜ್ಜಿ ಸೊಸೆಯನ್ನು ಕರೆಯುತ್ತಿದ್ದಳು, ಅಮ್ಮ ಪೈಪು ಇಳಿಸುವಾಗ ಮಗು ಗೋಡೆ ನೋಡುತ್ತಿತ್ತು. ಅಮ್ಮನಿಗೆ ಕರುಳು ಕಿತ್ತು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ನಾನು, ಮೂರು ವಾರದ ಹಿಂದೆ ಬಂದ ನಾಯಿಗಿಂತ ಕಡೆಯಾದೆನೇ? ಅತ್ತೆಗೆ ಕೇಳುವಂತೆ ಪಾತ್ರೆ ಕುಕ್ಕಿದಳು. ಅತ್ತೆ ಮೆಲ್ಲಗೆ, ಮಗು ಅಲ್ವೇನಮ್ಮಾ ಎಂದರೆ, ನಾನು ಮಾತ್ರ ಮನುಷ್ಯಳಲ್ವಾ ಎಂದು ತಿರುಗಿ ಬಿದ್ದಳು.

ಭಾನುವಾರ ಬಂತು. ಗಂಡನಿಗೆ ಬೆಳಗಿನ ಡ್ಯೂಟಿ. ಬೇಕೆಂದೇ ಹಾಕಿಸಿಕೊಂಡಿರಬೇಕು, ಕಣ್ಣೆದುರು ನೋಡಲಾರದವನು. ಡೋಲುವಿನ ಬಟ್ಟಲು, ಹರಕು ಚಾಪೆ, ಕಚ್ಚಿ ಕಚ್ಚಿ ಅರ್ಧವಾದ ಚಪ್ಪಲಿ ಎಲ್ಲವನ್ನೂ ಅವಳು ರಟ್ಟಿನ ಡಬ್ಬಿಗೆ ತುಂಬಿ ಬಾಗಿಲ ಬಳಿ ಇಟ್ಟಳು. ನಡುಮನೆಯಲ್ಲಿ ಅತ್ತೆ, ಗುಬ್ಬಿ, ಡೋಲು, ಮೂಗ ಟೀವಿ. ಅವಳು ಅಡುಗೆಮನೆಯಲ್ಲಿ ಸಾರಿಗೆ ಸೌಟು ಹಾಕಿದ್ದಳು.

ಆಗ ಕೇಳಿತು. ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಒಂದು ಒಡಕು ದನಿ, ಯಾರನ್ನೋ ಗದರುವ ದನಿ. ಅವಳ ಕಿವಿ ನಿಮಿರಿತು. ಅತ್ತೆಯದಲ್ಲ, ಅಕ್ಕಪಕ್ಕದವರದಲ್ಲ, ಅವಳು ಹುಟ್ಟಿದಾಗಿನಿಂದ ಕೇಳಿದ ಯಾರದೂ ಅಲ್ಲ. ಅಂದರೆ ಟೀವಿ. ಇವತ್ತೇ, ಈ ಗಳಿಗೆಯಲ್ಲೇ ಅತ್ತೆ ಟೀವಿಗೆ ಸದ್ದು ಕೊಟ್ಟಿದ್ದಾಳೆ! ಸೌಟು ಹಿಡಿದೇ ನಡುಮನೆಗೆ ನುಗ್ಗಿದಳು.

"ಅತ್ತೆ, ನಿಮಗೆ ಎಷ್ಟು ಸಲ ಹೇಳ್ಬೇಕು..."

ಟೀವಿ ಮೂಗಾಗಿಯೇ ಇತ್ತು. ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಗುಬ್ಬಿ ಕೆಮ್ಮಿದಾಗ ಧೂಳು ತಡೆಯಲೆಂದು ಕೊಳವೆಯ ಬಾಯಿಗೆ ಹಾಕಿದ್ದ ಫಿಲ್ಟರ್, ಬಾಟಲಿ ಮುಚ್ಚಳದಷ್ಟು ಗಾತ್ರದ್ದು, ಹಾರಿ ನೆಲಕ್ಕೆ ಬಿದ್ದಿರಬೇಕು. ಡೋಲು ಅದನ್ನು ಕಚ್ಚಿಕೊಂಡು ಮೇಜಿನ ಕೆಳಗೆ ಸೇರಿತ್ತು. ಗುಬ್ಬಿ ಅದರ ಎದುರು ಮಂಡಿಯೂರಿ ಕೂತಿದ್ದಳು. ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪಾಗಿತ್ತು. ಮುಖವೂ ಸಿಟ್ಟಿನಿಂದ ಕೆಂಪಾಗಿತ್ತು, ಹುಬ್ಬು ಗಂಟಿಕ್ಕಿದ್ದು ಥೇಟ್ ಅಮ್ಮನ ಹಾಗೆಯೇ. ಅವಳು ಅಮ್ಮನನ್ನು ನೋಡಲೇ ಇಲ್ಲ. ಉಸಿರೆಳೆದುಕೊಂಡಳು, ಯಾರನ್ನೂ ಹತ್ತಿರ ಬಿಡದಿದ್ದ ಆ ಕೊಳವೆಯ ಬಾಯಿಗೆ ತನ್ನದೇ ತೋರುಬೆರಳು ಒತ್ತಿದಳು.

"ತುಮ್ನಿಲು!"

ಡೋಲು ಕುಂಡಿ ಊರಿ ಕೂತಿತು. ಫಿಲ್ಟರ್ ಬಾಯಿಂದ ಜಾರಿ ಬಿತ್ತು.

ಅಮ್ಮನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಮೊದಲು ಬಂದದ್ದು ಅದಲ್ಲ. ನಲವತ್ತು ಡ್ರೈವರುಗಳ ಉಸಿರು ಗುರುತು ಹಿಡಿಯುತ್ತಿದ್ದವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ದನಿ ಗುರುತು ಸಿಗಲಿಲ್ಲ. ಆ ಮಗುವಿನ ಮೊದಲ ಮಾತು ನಾಯಿಯ ಪಾಲಾಯಿತು. ಅದೂ ಎಂಥ ಮಾತು, ಅವಳೇ ದಿನಕ್ಕೆ ನೂರು ಸಲ ಉಗುಳಿದ ಮಾತು. ಕಟ್ಟೆ ಒಡೆಯಿತು. ಸೌಟು ನೆಲಕ್ಕೆ ಎಸೆದು ಅವಳು ಅಳುತ್ತ ಅರಚತೊಡಗಿದಳು. ಯಂತ್ರವನ್ನು ಬೈದಳು, ನಗುನಗುತ್ತ ಇರಿ ಎಂದ ಟೀಚರನ್ನು ಬೈದಳು, ತಪ್ಪಿಸಿಕೊಂಡು ಡ್ಯೂಟಿಗೆ ಹೋದ ಗಂಡನನ್ನು ಬೈದಳು. ಅಮ್ಮಾ ಅಂತ ಅನ್ನೋದಕ್ಕೆ ಆಗ್ಲಿಲ್ವೇನೇ ನಿಂಗೆ ಎಂದು ಮಗುವನ್ನೂ ಬೈದಳು. ನಾಲ್ಕು ವರ್ಷ ಪಿಸುಗುಟ್ಟಿದ್ದೆಲ್ಲ ಒಂದೇ ಸಲ ಗಂಟಲು ಸೀಳಿಕೊಂಡು ಹೊರಗೆ ಬಂತು.

ಆ ಗದ್ದಲದ ನಡುವೆ ಬಾಗಿಲು ತಟ್ಟಿದ ಸದ್ದು. ಮೆಕ್ಯಾನಿಕ್ಕು ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದ. ಡೋಲು ಬೊಗಳಲು ಶುರು ಮಾಡಿತು.

"ನಾಯಿ ಕೊಡಲ್ಲ. ಹೋಗಿ," ಎಂದಳು, ಕೆನ್ನೆ ಒರೆಸಿಕೊಳ್ಳದೆಯೇ.

ಅವನು ಗಾಬರಿಯಾಗಿ, ಡ್ರೈವರೇ ಬರಹೇಳಿದ್ದು ಎಂದ.

"ಡ್ರೈವರು ಬಸ್ಸು ಓಡಿಸ್ಲಿ. ಮನೆ ನಾನು ಓಡಿಸ್ತೀನಿ."

ಬಾಗಿಲು ಹಾಕಿ ಅದಕ್ಕೇ ಒರಗಿ ಕೂತು ಮತ್ತೆ ಬೈಗುಳ ಮುಂದುವರಿಸಿದಳು. ಅಳು, ಬೈಗುಳ, ನಾಯಿಯ ಬೊಗಳು, ನಡುವೆ ಮೆಲ್ಲಗೆ ಸಮಾಧಾನ ಹೇಳುವ ಅತ್ತೆ. ಆ ಮನೆ ಇಷ್ಟು ಸದ್ದನ್ನು ಎಂದೂ ಕಂಡಿರಲಿಲ್ಲ. ಗುಬ್ಬಿ ಎದ್ದು ಬಂದಳು. ಒಂದು ಕೈಯಲ್ಲಿ ಅಮ್ಮನ ಒದ್ದೆ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಇನ್ನೊಂದು ಕೈಯ ಬೆರಳು ಕತ್ತಿಗೆ ಹೋಯಿತು.

"ಅಮ್ಮಾ."

ಉಸಿರು ಅಷ್ಟಕ್ಕೇ ಮುಗಿಯಿತು. ಬೆರಳು ತೆಗೆದು ಉಸಿರೆಳೆದುಕೊಂಡಳು, ಮತ್ತೆ ಮುಚ್ಚಿದಳು.

"ತುಮ್ನಿಲು."

ಅಮ್ಮ ಸುಮ್ಮನಾದಳು. ಅವಳಿಗೆ ಆ ದನಿಯನ್ನು ಇನ್ನೊಂದು ಸಲ ಕೇಳಬೇಕಿತ್ತು.